ಖಂಡೇಪೂಜೆಯ ಮೂರು ಬೊಟ್ಟು

ಅವರ ಬಲಗೈ ಹೆಬ್ಬೆರಳು ಅಗಲವಾಗಿ, ಚಪ್ಪಟೆಯಾಗಿ, ತುದಿಯಲ್ಲಿ ಸದಾ ಕಪ್ಪಾಗಿರುತ್ತಿತ್ತು. ಎಷ್ಟು ಸೋಪು ಹಾಕಿ ಉಜ್ಜಿದರೂ ಗೆರೆಗಳ ಸಂದಿಯಲ್ಲಿ ಕೂತ ಮಸಿ ಹೋಗುತ್ತಿರಲಿಲ್ಲ. ಬೆಳಗಿನ ಪತ್ರಿಕೆಯ ಅಂಚಿನಲ್ಲಿ, ಬ್ರೆಡ್ಡಿನ ಚೀಲದ ಮೇಲೆ, ನಮ್ಮ ಮನೆಯ ಬಿಳಿ ಬಾಗಿಲಿನ ಹಿಡಿಕೆಯ ಪಕ್ಕದಲ್ಲಿ ಆ ಹೆಬ್ಬೆಟ್ಟಿನ ಗುರುತು ಇದ್ದೇ ಇರುತ್ತಿತ್ತು. ಅವರ ಹೆಂಡತಿ ಒದ್ದೆ ಬಟ್ಟೆ ಹಿಡಿದು ಹಿಂದೆ ಹಿಂದೆ ಒರೆಸುತ್ತಾ ತಿರುಗುತ್ತಿದ್ದರು. "ಇವರು ಕಳ್ಳತನಕ್ಕೆ ಹೋದರೆ ಪೊಲೀಸರಿಗೆ ಕೆಲಸವೇ ಇರುವುದಿಲ್ಲ" ಎಂದು ನಗುತ್ತಿದ್ದರು.

ಅವರು ನಮ್ಮ ಮನೆಯ ಮಾಲೀಕರು. ಅರವತ್ತರ ದಶಕದ ನಡುವೆ ನಾನೂ ನನ್ನ ಗಂಡನೂ ಧಾರವಾಡದಿಂದ ಜರ್ಮನಿಯ ಬಾನ್‌ಗೆ ಬಂದು, ಊರಂಚಿನಲ್ಲಿದ್ದ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದೆವು. ನಮ್ಮ ಮಗಳು ಹುಟ್ಟಿ, ಮಾತು ಕಲಿತು, ಕೆಳಗಿನ ಮನೆಯ ಇಬ್ಬರನ್ನೂ ಅಲ್ಲಿನ ಮಕ್ಕಳು ಅಜ್ಜ ಅಜ್ಜಿಯನ್ನು ಕರೆಯುವಂತೆ ಓಪಾ, ಓಮಾ ಎಂದು ಕರೆದ ಮೇಲೆ ನಮಗೂ ಅದೇ ರೂಢಿಯಾಯಿತು. ನನ್ನ ಗಂಡ ಭೌತಶಾಸ್ತ್ರದವರು. ನಾನು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುತ್ತಿದ್ದೆ. ನನ್ನ ವಿಷಯ, ಕಬ್ಬಿಣಕ್ಕೆ ತುಕ್ಕು ಹೇಗೆ ಹಿಡಿಯುತ್ತದೆ ಎಂಬುದು. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಆದರೆ ಮುಂದೆ ನಾನು ಮಾಡಿದ ಘನಕಾರ್ಯವನ್ನು ಕೇಳುವಾಗ ಮರೆತುಬಿಟ್ಟರೆ ನನಗೆ ಕ್ಷೇಮ. ಓಪಾ ಮಾತ್ರ ಮರೆಯಲಿಲ್ಲ. ಡಿಗ್ರಿ ಸಿಗುವ ಎಷ್ಟೋ ಮೊದಲಿನಿಂದ ನನ್ನನ್ನು "ಫ್ರಾವ್ ಡಾಕ್ಟರ್", ಅಂದರೆ ಡಾಕ್ಟರಮ್ಮ, ಎಂದೇ ಕರೆಯುತ್ತಿದ್ದರು.

ಅವರು ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡುತ್ತಿದ್ದು ನಿವೃತ್ತರಾದವರು. ಮನೆಯ ಕೆಳಗೆ ಆಲೂಗಡ್ಡೆ, ಕಲ್ಲಿದ್ದಲು ಇಡುವ ನೆಲಮಾಳಿಗೆ, ಅಲ್ಲಿಯವರ ಮಾತಿನಲ್ಲಿ ಕೆಲ್ಲರ್, ಇತ್ತು. ಅದರ ಅರ್ಧ ಭಾಗ ಅವರ ಕಮ್ಮಟ. ಅಲ್ಲಿ ಅವರು ಒಂದು ಬಂದೂಕು ಮಾಡುತ್ತಿದ್ದರು. ಮಾರುವುದಕ್ಕಲ್ಲ, ಬೇಟೆಗೂ ಅಲ್ಲ. ಬಾಯಿಂದ ಮದ್ದು ತುಂಬುವ ಹಳೆಯ ಕಾಲದ ಒಂದೇ ಒಂದು ಬಂದೂಕು, ಅದೂ ಕೈಯಿಂದಲೇ. ಅವರಲ್ಲಿ ಯಂತ್ರವೆಂದು ಹೇಳಬಹುದಾದದ್ದು ಕೈಯಲ್ಲಿ ತಿರುಗಿಸುವ ಬೈರಿಗೆ ಮಾತ್ರ. ಉಳಿದದ್ದೆಲ್ಲ ಉಳಿ, ಸುತ್ತಿಗೆ, ಮತ್ತು ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಅರಗಳು. ನಮ್ಮ ಕಡೆಯ ಬಡಿಗರು ಕಾನಸು ಎನ್ನುತ್ತಾರಲ್ಲ, ಅವು.

ಅವರ ತಂದೆ ಕಾಡು ಕಾಯುವ ಕೆಲಸದಲ್ಲಿದ್ದರಂತೆ. ಯುದ್ಧ ಮುಗಿದಾಗ ಮನೆಮನೆಯ ಬಂದೂಕುಗಳನ್ನೆಲ್ಲ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಮೂರು ತಲೆಮಾರಿನ ಬಂದೂಕನ್ನು ಬೇರೆಯವರ ಕೈಗೆ ಕೊಡಲಾರದೆ ಆ ಮುದುಕ ಸೌದೆ ಒಡೆಯುವ ಕೊರಡಿನ ಮೇಲಿಟ್ಟು ತಾನೇ ಕೊಡಲಿಯಿಂದ ಮುರಿದರು. ಉಳಿದದ್ದು ಮದ್ದಿಗೆ ಕಿಡಿ ಹೊತ್ತಿಸಲು ಬಡಿಯುವ ಕುದುರೆ, ಅದರ ಹಿಂದಿನ ಸ್ಪ್ರಿಂಗು, ಅವನ್ನು ಕೂರಿಸಿದ್ದ ಕಬ್ಬಿಣದ ತಗಡು. ಅಷ್ಟನ್ನು ಓಮಾ ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರು. ನಿವೃತ್ತಿಯಾದ ದಿನ ಓಪಾ ಆ ತಗಡನ್ನು ಮೇಜಿನ ಮೇಲಿಟ್ಟು, ಇದರ ಸುತ್ತ ಉಳಿದ ಬಂದೂಕನ್ನು ತಾನೇ ಮಾಡುತ್ತೇನೆ ಎಂದರಂತೆ.

"ಮುಗಿದ ಮೇಲೆ ಹಾರಿಸುತ್ತೀರಾ?" ಎಂದು ನಾನು ಒಮ್ಮೆ ಕೇಳಿದೆ.

"ಇಲ್ಲ. ನನ್ನ ಪಾಲಿನ ಸದ್ದನ್ನು ಯುದ್ಧದಲ್ಲೇ ಕೇಳಿ ಮುಗಿಸಿದ್ದೇನೆ" ಎಂದರು. "ನೋಡಬೇಕು, ಅಷ್ಟೇ. ಚಿಕ್ಕವನಿದ್ದಾಗ ಬಾಗಿಲ ಹಿಂದೆ ತೂಗುಹಾಕಿದ್ದನ್ನು ನೋಡುತ್ತಿದ್ದೆನಲ್ಲ, ಹಾಗೆ."

ನೋಡಬೇಕು ಎಂಬ ಮಾತು ಅವರ ಬಾಯಲ್ಲಿ ಹಗುರವಾದದ್ದಲ್ಲ. ಅವರ ಕಣ್ಣುಗಳು ಹೋಗುತ್ತಿದ್ದವು. ಬದಿಗಳಿಂದ ಕತ್ತಲೆ ಒಳಗೆ ಸರಿಯುತ್ತಿದೆ, ನಡುವೆ ಒಂದು ತಟ್ಟೆಯಷ್ಟು ಬೆಳಕು ಉಳಿದಿದೆ ಎನ್ನುತ್ತಿದ್ದರು. ವರ್ಷಕ್ಕೆ ವರ್ಷ ತಟ್ಟೆ ಚಿಕ್ಕದಾಗುತ್ತಿತ್ತು. ಬಂದೂಕು ಮೊದಲು ಮುಗಿಯುತ್ತದೋ ಕಣ್ಣು ಮೊದಲು ಮುಗಿಯುತ್ತದೋ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು.

ನಮ್ಮ ಸ್ನೇಹ ಬೆಳೆದದ್ದು ಕಾಡಿಗೆಯಿಂದ. ಮಗಳು ಹುಟ್ಟಿದ ಚಳಿಗಾಲದಲ್ಲಿ ಅವ್ವ ಊರಿನಿಂದ ಪತ್ರದ ಮೇಲೆ ಪತ್ರ ಬರೆದಳು, ಕೂಸಿಗೆ ಕಾಡಿಗೆ ಹಚ್ಚದೆ ಹೊರಗೆ ಒಯ್ಯಬೇಡ ಎಂದು. ಹರಳೆಣ್ಣೆಗಾಗಿ ಔಷಧದ ಅಂಗಡಿಗೆ ಹೋದೆ. ಅರ್ಧ ಲೀಟರು ಬೇಕೆಂದಾಗ ಅಂಗಡಿಯಾಕೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಮನೆಯಲ್ಲಿ ಎಷ್ಟು ಜನರಿಗೆ ಹೊಟ್ಟೆ ಕಟ್ಟಿದೆ?" ಎಂದು ಬಹಳ ಮರುಕದಿಂದ ಕೇಳಿದಳು. ಅಂತೂ ತಂದು, ಅಡಿಗೆಮನೆಯಲ್ಲಿ ಬತ್ತಿ ಹೊಸೆದು ದೀಪ ಹಚ್ಚಿ, ಮೇಲೆ ಹಿತ್ತಾಳೆಯ ತಟ್ಟೆ ಕವುಚಿಟ್ಟೆ. ಹೊಗೆಯ ವಾಸನೆ ಹಿಡಿದು ಓಪಾ ನೀರಿನ ಬಕೆಟ್ಟಿನೊಂದಿಗೆ ಮೇಲೆ ಓಡಿ ಬಂದರು. ಬೆಂಕಿ ಬಿದ್ದಿಲ್ಲವೆಂದು ಗೊತ್ತಾದ ಮೇಲೆ ತಟ್ಟೆಯ ಅಡಿಗೆ ಕೂತ ಕಪ್ಪನ್ನು ಹೆಬ್ಬೆರಳಿನಿಂದ ಮುಟ್ಟಿ, ತೋರುಬೆರಳಿಗೆ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿದರು. ಬಕೆಟ್ಟನ್ನು ಅಲ್ಲಿಯೇ ಮರೆತು, ಆ ಬೆರಳುಗಳನ್ನು ಗಾಳಿ ತಾಗದಂತೆ ಎತ್ತಿ ಹಿಡಿದುಕೊಂಡು ಕೆಳಗೆ ಇಳಿದುಹೋದರು.

ಮರುದಿನ ಬಂದು, ಇನ್ನಷ್ಟು ಸಿಗಬಹುದೇ ಎಂದು ಕೇಳಿದರು. ಏಕೆಂದು ತಿಳಿದದ್ದು ಕೆಲ್ಲರಿಗೆ ಹೋದಾಗ. ಅಕ್ರೋಟು ಮರದ ಹಿಡಿಯಲ್ಲಿ ಆ ಹಳೆಯ ಕಬ್ಬಿಣದ ತಗಡು ಕೂರುವಂತೆ ಗುಳಿ ತೋಡುತ್ತಿದ್ದರು. ಕೂದಲೆಳೆಯಷ್ಟೂ ಸಂದಿ ಇರಬಾರದು. ಅದಕ್ಕೆ ತಗಡಿಗೆ ತೆಳ್ಳಗೆ ಮಸಿ ಸವರುತ್ತಾರೆ, ಗುಳಿಯಲ್ಲಿ ಇಟ್ಟು ಮೆಲ್ಲಗೆ ತಟ್ಟುತ್ತಾರೆ, ತೆಗೆದು ನೋಡುತ್ತಾರೆ. ಮರದಲ್ಲಿ ಎಲ್ಲಿ ಕಪ್ಪು ಅಂಟಿದೆಯೋ ಅಲ್ಲಿ ಮಾತ್ರ ಉಳಿಯಿಂದ ಒಂದು ಸುರುಳಿ ಕೆತ್ತುತ್ತಾರೆ. ಮತ್ತೆ ಮಸಿ, ಮತ್ತೆ ತಟ್ಟು, ಮತ್ತೊಂದು ಸುರುಳಿ. ಅದುವರೆಗೆ ಬಳಸುತ್ತಿದ್ದ ಸೀಮೆಎಣ್ಣೆಯ ಮಸಿ ದಪ್ಪ, ಅವರ ಕಣ್ಣಿಗೆ ಗುರುತು ಮಸುಕಾಗಿ ಕಾಣುತ್ತಿತ್ತು. ಅವ್ವನ ಕಾಡಿಗೆ ನುಣುಪು, ಅಚ್ಚ ಕಪ್ಪು. ಕೂಸಿನ ಕಣ್ಣಿಗೆಂದು ಮಾಡಿದ್ದು ಹೀಗೆ ಮುದುಕರ ಕಣ್ಣಿಗೆ ಒದಗಿತು. ಅಂದಿನಿಂದ ನಾನು ತಿಂಗಳಿಗೊಮ್ಮೆ ಎರಡು ಡಬ್ಬಿ ಕಾಡಿಗೆ ಮಾಡುತ್ತಿದ್ದೆ, ಒಂದು ಮಗಳಿಗೆ, ಒಂದು ಬಂದೂಕಿಗೆ. ಅವ್ವನಿಗೆ ಬರೆಯುವಾಗ ಎರಡನೆಯದರ ಸುದ್ದಿ ಬಿಟ್ಟೆ.

ಲ್ಯಾಬಿನಿಂದ ಬಂದವಳು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೆಲ್ಲರಿನಲ್ಲಿ ಎಷ್ಟೋ ಸಂಜೆ ಕಳೆದಿದ್ದೇನೆ. ಮೇಲೆ, ಬೀದಿಯ ಮಟ್ಟಕ್ಕೆ, ಒಂದು ಚಿಕ್ಕ ಕಿಟಕಿ. ಅದರಲ್ಲಿ ಜನ ಕಾಣುತ್ತಿರಲಿಲ್ಲ, ಬೂಟುಗಳು ಮಾತ್ರ ಬಂದು ಹೋಗುತ್ತಿದ್ದವು. ಅಲ್ಲಿಂದ ಬಿದ್ದ ಬೆಳಕು ಮೇಜಿನ ಮೇಲೆ ನಿಧಾನವಾಗಿ ಸರಿದು, ಉಳಿಗಳನ್ನು ಒಂದೊಂದಾಗಿ ಮುಟ್ಟಿ, ಗೋಡೆ ಹತ್ತಿ ಮಾಯವಾಗುತ್ತಿತ್ತು. ಅಗಸೆಎಣ್ಣೆಯ ವಾಸನೆ, ಮರದ ಹುಡಿ, ಅರ ಆಡುವ ಸದ್ದು. ಅವ್ವ ಸಾಣೆಕಲ್ಲಿನ ಮೇಲೆ ಗಂಧ ತೇಯುವಾಗಲೂ ಅದೇ ಲಯ. ಕಣ್ಣು ಮುಚ್ಚಿದರೆ ಎಲ್ಲಿ ಕೂತಿದ್ದೇನೆಂಬುದೇ ತಿಳಿಯುತ್ತಿರಲಿಲ್ಲ. ಮಗಳು ಹಾಗೆಯೇ ನಿದ್ದೆ ಹೋಗುತ್ತಿದ್ದಳು. "ಅವಸರ ಮಾಡಿದರೆ ಮರ ಮುನಿಸಿಕೊಳ್ಳುತ್ತದೆ" ಎಂದು ಓಪಾ ಯಾರಿಗೋ ಎಂಬಂತೆ ಹೇಳಿಕೊಳ್ಳುತ್ತಿದ್ದರು. ಅವಸರವಿದ್ದದ್ದು ಅವರಿಗೇ.

ಮೂರನೆಯ ಶರತ್ಕಾಲದ ಹೊತ್ತಿಗೆ ಮರದ ಕೆಲಸ ಮುಗಿದಿತ್ತು. ಉಳಿದದ್ದು ಸಂತೆಯಲ್ಲಿ ಕೊಂಡು ತಂದಿದ್ದ ಹಳೆಯ ನಳಿಗೆಗೆ, ಅಂದರೆ ಬಂದೂಕಿನ ಕೊಳವೆಗೆ, ಬಣ್ಣ ತರುವುದು. ಆ ಬಣ್ಣ ಬಳಿಯುವಂಥದ್ದಲ್ಲ. ಉಕ್ಕನ್ನು ಕನ್ನಡಿಯಂತೆ ಉಜ್ಜಿ, ಜಿಡ್ಡೆಲ್ಲ ತೆಗೆದು, ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಬೇಕು. ಅದನ್ನು ಬ್ರಷ್ಷಿನಿಂದ ತಿಕ್ಕಿ ತೆಗೆದು ಮತ್ತೆ ಹಿಡಿಸಬೇಕು. ವಾರಗಟ್ಟಲೆ ಹೀಗೆ ಮಾಡಿದರೆ ತುಕ್ಕೇ ಪದರಪದರವಾಗಿ ಕೂತು ಆಳವಾದ ಕಂದು ಬರುತ್ತದೆ. "ನೀವು ತುಕ್ಕನ್ನು ಓಡಿಸುವುದಕ್ಕೆ ಓದುತ್ತೀರಿ, ನಾನು ಅದನ್ನು ಸಾಕುತ್ತೇನೆ" ಎಂದು ನನ್ನನ್ನು ಕೆಣಕುತ್ತಿದ್ದರು. ಕಣ್ಣಿನ ಡಾಕ್ಟರು, ದೃಷ್ಟಿ ಕ್ರಿಸ್‌ಮಸ್‌ವರೆಗೆ ಉಳಿದೀತು ಎಂದಿದ್ದರು. ಇನ್ನು ಎರಡು ಸಲ ಹಚ್ಚಿದರೆ ಕೆಲಸ ಪೂರ್ತಿ, ಅಕ್ಟೋಬರ್ ಕೊನೆಗೆ ಗೋಡೆಗೆ ಏರುತ್ತದೆ ಎಂದು ಓಪಾ ಲೆಕ್ಕ ಹಾಕಿದ್ದರು.

ಆಗ ನವರಾತ್ರಿ ಬಂತು. ನವಮಿಯ ಎರಡು ದಿನ ಮುಂಚೆ ಇಬ್ಬರೂ ಓಮಾಳ ತಂಗಿಯ ಊರಿಗೆ ಹೋದರು. ಆಲೂಗಡ್ಡೆ ಬೇಕಾದರೆ ತೆಗೆದುಕೋ ಎಂದು ಓಮಾ ಕೆಲ್ಲರಿನ ಕೀಲಿ ಕೊಟ್ಟುಹೋದರು. ನಮ್ಮ ಕಡೆ ನವಮಿಯ ದಿನ ಖಂಡೇಪೂಜೆ. ಮನೆಯಲ್ಲಿರುವ ಕುಡುಗೋಲಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತೇವೆ. ಮಹಡಿಯ ಮೇಲೆ ನನಗೆ ಇದ್ದದ್ದು ಒಂದು ಕತ್ತರಿ, ಗಂಡ ಲೆಕ್ಕ ಮಾಡಲು ಬಳಸುವ ಸ್ಲೈಡ್ ರೂಲ್ ಪಟ್ಟಿ. ಅವನ್ನು ಮುಂದಿಟ್ಟುಕೊಂಡು ಕೂತರೆ ಅಳು ಬಂತು. ಕೆಳಗೆ ಅಷ್ಟೊಂದು ಆಯುಧಗಳು ಒಡೆಯನಿಲ್ಲದೆ ಕೂತಿವೆಯಲ್ಲ ಎನ್ನಿಸಿತು.

ಕೀಲಿ ತೆಗೆದೆ. ಅರಗಳಿಗೆ, ಉಳಿಗಳಿಗೆ, ಬೈರಿಗೆಗೆ ಕುಂಕುಮ ಹಚ್ಚಿದೆ. ಮೇಜಿನ ಮೇಲೆ ಎರಡು ಕಟ್ಟಿಗೆಯ ಆಸರೆಗಳ ಮೇಲೆ ನಳಿಗೆ ಮಲಗಿತ್ತು. ಅದಕ್ಕೆ ಗಂಧದ ನೀರಿನಲ್ಲಿ ಕಲಸಿದ ಕುಂಕುಮದ ಮೂರು ದೊಡ್ಡ ಬೊಟ್ಟು ಇಟ್ಟೆ, ಮೇಲೆ ತೋಟದ ಹಳದಿ ಹೂಗಳನ್ನು ನೀರು ಚಿಮುಕಿಸಿ ಏರಿಸಿದೆ. ಆರತಿ ಬೆಳಗಿದೆ. ಮಗಳು ಚಪ್ಪಾಳೆ ತಟ್ಟಿದಳು. ಬಂದ ಮೇಲೆ ನೋಡಿ ಎಷ್ಟು ಸಂತೋಷಪಡುತ್ತಾರೋ ಎಂದುಕೊಂಡು ಕೀಲಿ ಹಾಕಿದೆ. ತುಕ್ಕಿನ ಮೇಲೆ ನೂರೈವತ್ತು ಪುಟ ಬರೆದಿದ್ದ ಹೆಂಗಸು, ಜಿಡ್ಡು ತೆಗೆದ ಬೋಳು ಉಕ್ಕಿನ ಮೇಲೆ ಒದ್ದೆ ಕುಂಕುಮ ಹಚ್ಚಿ ಕೈ ಮುಗಿದು ಬಂದಿದ್ದಳು. ಪೂಜೆಗೆ ಕೂತಾಗ ನನ್ನೊಳಗಿನ ರಸಾಯನಶಾಸ್ತ್ರ ಚಪ್ಪಲಿಯ ಜೊತೆ ಬಾಗಿಲಾಚೆ ಉಳಿದಿತ್ತು.

ಮರುದಿನ ದಸರೆ. ಬನ್ನಿ ಸಿಗದ ಊರು, ಬರ್ಚ್ ಮರದ ಹಳದಿ ಎಲೆ ಆಯ್ದುಕೊಂಡೆ. ಮಧ್ಯಾಹ್ನ ಅವರು ಬಂದ ಸದ್ದಾಯಿತು. ಎಲೆ ಹಿಡಿದು ಕೆಲ್ಲರಿಗೆ ಇಳಿದರೆ ಓಪಾ ನಳಿಗೆಯನ್ನು ಕಿಟಕಿಯ ಕೆಳಗೆ ಹಿಡಿದು ನಿಂತಿದ್ದರು. ಹೂಗಳನ್ನು ಒಂದು ಕಡೆ ನೀಟಾಗಿ ಎತ್ತಿಟ್ಟಿದ್ದರು. ಬೊಟ್ಟು ಒರೆಸಿದ ಜಾಗದಲ್ಲಿ ಮೂರು ಕಡೆ ಉಕ್ಕು ತಿಂದು, ಕಿತ್ತಳೆ ಬಣ್ಣದ ಗುಳಿ ಬಿದ್ದಿತ್ತು. ಅದನ್ನು ನೋಡಿದ ಕೂಡಲೇ ನನ್ನ ಓದೆಲ್ಲ ನೆನಪಾಯಿತು.

ಹೇಗೋ ತೊದಲಿದೆ. ಇದು ನಮ್ಮ ಕಡೆ ಆಯುಧಕ್ಕೆ ಮಾಡುವ ಮರ್ಯಾದೆ ಎಂದೆ. ಅವರು ನಳಿಗೆಯನ್ನು ಮೇಜಿನ ಮೇಲೆ ಮಲಗಿಸಿ, "ಎಲ್ಲ ಉಜ್ಜಿ ತೆಗೆದು ಮೊದಲಿನಿಂದ ಶುರು ಮಾಡಬೇಕು" ಎಂದರು. ಬೈಗುಳವಿಲ್ಲ, ಬೇಸರದ ಮಾತಿಲ್ಲ. ಆಮೇಲೆ ನನ್ನ ಕೈ ನೋಡಿ, "ಅದೇನು ಎಲೆ?" ಎಂದು ಕೇಳಿದರು.

"ಇದನ್ನು ಕೊಟ್ಟು ಬಂಗಾರದ ಹಾಗೆ ಇರೋಣ ಅನ್ನುತ್ತೇವೆ. ಜಗಳ, ತಪ್ಪು ಎಲ್ಲ ಬಿಟ್ಟು."

"ಕೊಡಿ ಹಾಗಾದರೆ" ಎಂದು ಕೈ ಒಡ್ಡಿದರು. ಎಲೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಉಜ್ಜುವ ಕಾಗದ ಹುಡುಕತೊಡಗಿದರು. ಮೇಲೆ ಹೋಗಿ ಗಂಡನಿಗೆ ಹೇಳಿದಾಗ ಅವರು ತಲೆ ಮೇಲೆ ಕೈ ಹೊತ್ತು ಕೂತರು.

"ಏನ ಮಾಡಿಟ್ಟೀ ಮಾರಾಯ್ತಿ! ಆ ಮನಶ್ಯಾನ ಕಣ್ಣ ಇರೋದು ಇನ್ನೆರಡು ತಿಂಗಳ. ಗೊತ್ತದ ಇಲ್ಲೋ ನಿನಗ?"

ಗೊತ್ತಿತ್ತು. ಅದಕ್ಕೇ ಅಂದಿನಿಂದ ದಿನವೂ ಸಂಜೆ ಕೆಳಗೆ ಹೋಗಿ ಕೂತೆ. ನವೆಂಬರಿನಲ್ಲಿ ಉಜ್ಜುವ ಕೆಲಸ ಮುಗಿದಾಗ ಅವರ ಬೆಳಕಿನ ತಟ್ಟೆ ನಾಣ್ಯದಷ್ಟಾಗಿತ್ತು. ಡಿಸೆಂಬರಿನಲ್ಲಿ ಅದೂ ಮಸುಕಾಯಿತು. ತಿಕ್ಕುವುದು ಅವರ ಕೈ, ನೋಡುವುದು ನನ್ನ ಕಣ್ಣು.

"ಈಗ ಹೇಗಿದೆ?"

"ಕೆಂಪು."

"ಕೆಂಪು ಅಂದರೆ ಏನೂ ಹೇಳಿದ ಹಾಗಾಗಲಿಲ್ಲ, ಫ್ರಾವ್ ಡಾಕ್ಟರ್. ಇಟ್ಟಿಗೆಯೋ, ಟೊಮೇಟೊನೋ, ನರಿಯೋ?"

ನನ್ನ ಜರ್ಮನ್ ಭಾಷೆಯಲ್ಲಿ ಅಷ್ಟು ಕೆಂಪುಗಳಿರಲಿಲ್ಲ. ನಮ್ಮೂರ ಕೆಮ್ಮಣ್ಣು ಎಂದೆ, ಮಳೆ ಬಿದ್ದ ಮೇಲಿನ ಕೆಮ್ಮಣ್ಣು ಎಂದೆ, ಹಂಚು ಎಂದೆ. ಒಂದು ಸಂಜೆ, ಹಳೆಯ ಬೆಲ್ಲ ಎಂದುಬಿಟ್ಟೆ. ಬೆಲ್ಲವೆಂದರೇನು ಎಂದು ಕೇಳಿದರು. ಓಡಿ ಹೋಗಿ ಅವ್ವ ಪಾರ್ಸೆಲ್‌ನಲ್ಲಿ ಕಳಿಸಿದ್ದ ಅಚ್ಚಿನಿಂದ ಒಂದು ಚೂರು ತಂದು ಬಾಯಿಗಿಟ್ಟೆ. ಅವರು ಕಣ್ಣು ಮುಚ್ಚಿ, ಅದು ಕರಗುವವರೆಗೂ ನಾಲಿಗೆಯ ಮೇಲೆ ಹೊರಳಿಸಿದರು. ಕಿಟಕಿಯಾಚೆ ಹಿಮ ಬೀಳುತ್ತಿತ್ತು, ಬೂಟುಗಳ ಸದ್ದೂ ಇರಲಿಲ್ಲ. "ಓ, ಈ ಬಣ್ಣ" ಎಂದರು ಕೊನೆಗೆ. ಅಲ್ಲಿಂದ ಮುಂದೆ ನಳಿಗೆ ಬೆಲ್ಲಕ್ಕೆ ಇನ್ನೆಷ್ಟು ದೂರವಿದೆ ಎಂದು ಕೇಳುವುದು ಅವರ ರೂಢಿಯಾಯಿತು.

ಆದರೆ ಎರಡನೆಯ ಪದರದ ಹೊತ್ತಿಗೇ ನಾನು ಕಂಡಿದ್ದೆ. ಆ ಮೂರು ಬೊಟ್ಟುಗಳು ಮತ್ತೆ ಎದ್ದಿದ್ದವು. ಗುಳಿ ನಾವೆಣಿಸಿದ್ದಕ್ಕಿಂತ ಆಳ. ಉಜ್ಜಿದಷ್ಟು ಸಾಲದೆ, ಬಣ್ಣ ಅಲ್ಲಿ ಮಾತ್ರ ಕಡುವಾಗಿ ಕೂರುತ್ತಿತ್ತು. ಓಪಾಗೆ ಹೇಳಲೇ ಎಂದು ಗಂಡನನ್ನು ಕೇಳಿದೆ.

"ಹೇಳಬ್ಯಾಡ. ಕಾಣೂದಿಲ್ಲ, ಅಂದ ಮ್ಯಾಲೆ ಯಾಕ ನೋಯಸ್ತೀ? ಸುಮ್ಮನಿರು" ಎಂದರು. ಮರುಕದಿಂದಲೇ ಹೇಳಿದ್ದು. ನನಗೂ ಅದೇ ಬೇಕಿತ್ತು. ಒಂದು ವಾರ ಪೂರ್ತಿ, ಎಲ್ಲ ಕಡೆ ಒಂದೇ ಸಮ ಇದೆ, ಓಪಾ, ಎಂದು ಹೇಳುತ್ತಾ ಹೋದೆ.

ಎಂಟನೆಯ ದಿನ ಅವರ ಹೆಬ್ಬೆರಳು ನಳಿಗೆಯ ಮೇಲೆ ಸರಿಯುತ್ತಾ ಒಂದು ಕಡೆ ನಿಂತಿತು. ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತಿತು. ಮೂರನೆಯ ಸಲ ನಿಂತಾಗ, "ಇಲ್ಲಿ ಬಣ್ಣ ಹೇಗಿದೆ?" ಎಂದರು.

ನಾನು ಅಳುತ್ತಲೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಗುಳಿಯನ್ನು ನನ್ನ ಬೆರಳು ನೋಡುತ್ತದೆ" ಎಂದರು ಅವರು. ಧ್ವನಿ ಏರಲಿಲ್ಲ, ಆದರೆ ನನ್ನನ್ನು ಫ್ರಾವ್ ಡಾಕ್ಟರ್ ಎನ್ನಲಿಲ್ಲ. "ಬಣ್ಣವನ್ನು ನೋಡಲಾರದು. ಬಣ್ಣ ನನಗೆ ಇರುವುದು ನಿಮ್ಮ ಬಾಯಲ್ಲಿ ಮಾತ್ರ. ನೀವು ಸುಳ್ಳು ಹೇಳಿದರೆ ಈ ಒಂದು ವಾರ ನಾನು ಇಲ್ಲದ ಬಂದೂಕನ್ನು ನೋಡುತ್ತಿದ್ದ ಹಾಗಾಯಿತು."

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಮೆತ್ತಗೆ ಹೊಡೆದಿಲ್ಲ. ಮತ್ತೆ ಉಜ್ಜೋಣ, ನಾನೇ ಉಜ್ಜುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿದರು. ಗುಳಿ ಹೋಗುವವರೆಗೆ ಉಜ್ಜಿದರೆ ನಳಿಗೆ ತೆಳುವಾಗಿ ಮರದಲ್ಲಿ ಸಡಿಲವಾಗುತ್ತದೆ, ಆಗ ಮೂರು ವರ್ಷದ ಮರಗೆಲಸ ವ್ಯರ್ಥ ಎಂದರು. "ಇರಲಿ ಬಿಡಿ. ನಾನು ಬಂದೂಕು ಕಸುಬಿನ ಮಾಸ್ಟರ್ ಪರೀಕ್ಷೆ ಪಾಸಾದವನಲ್ಲ, ಇದರ ಮೇಲೆ ನನ್ನ ಮುದ್ರೆ ಹೊಡೆಯುವ ಹಾಗಿಲ್ಲ. ಯಾರದಾದರೂ ಗುರುತು ಇರಲಿ. ಆದರೆ ನಾಳೆಯಿಂದ ಕಂಡದ್ದನ್ನು ಹೇಳಿ."

ಹೇಳಿದೆ. ಅಂಚಿನ ಗೀರು, ಬ್ರಷ್ಷು ತಪ್ಪಿದ ಜಾಗ, ಒಂದು ಕಡೆ ಹಸಿರು ಮಿಶ್ರಿತವಾದ ಕಂದು, ಯಾವುದನ್ನೂ ಬಿಡಲಿಲ್ಲ. ಜನವರಿಯ ಒಂದು ಭಾನುವಾರ ಮಧ್ಯಾಹ್ನ ಬಂದೂಕು ಮುಗಿಯಿತು. ಎಣ್ಣೆ ಹಚ್ಚಿ ಒರೆಸಿ, ಅವರು ಅದನ್ನು ಹೊತ್ತು ಹಿತ್ತಲಿಗೆ ಬಂದು ಬಿಸಿಲಿನಲ್ಲಿ ನಿಂತರು. ನಾನೂ ಓಮಾನೂ ಎರಡು ಕಡೆ. ಕೇಳುವ ಮೊದಲೇ ನಾನು ಶುರು ಮಾಡಿದೆ. ಬುಡದಿಂದ ಬಾಯಿಯವರೆಗೆ, ಗೇಣು ಗೇಣಾಗಿ, ಬೆಲ್ಲ ಎಲ್ಲಿದೆ, ಹುರಿದ ಕಾಫಿ ಎಲ್ಲಿದೆ, ಆ ಮೂರು ಬೊಟ್ಟು ಹೇಗೆ ಕಡುವಾಗಿ ಕೂತಿವೆ, ಮರದ ಎಳೆ ಎಲ್ಲಿ ಹೊರಳುತ್ತದೆ ಎಂದು. ಅವರ ಹೆಬ್ಬೆರಳು ನನ್ನ ಮಾತಿನ ಹಿಂದೆಯೇ ಬರುತ್ತಿತ್ತು. ನಾನು ನಿಂತಲ್ಲಿ ನಿಲ್ಲುತ್ತಿತ್ತು. ಬಾಯಿಯ ತುದಿ ಮುಟ್ಟಿದಾಗ, "ನಮ್ಮಪ್ಪನದು ಇಷ್ಟು ಕಂದು ಇರಲಿಲ್ಲ" ಎಂದು ನಕ್ಕರು.

ಆಮೇಲೆ ಅದು ಬಾಗಿಲ ಹಿಂದೆ ಗೋಡೆಯ ಮೇಲೆ ತೂಗಿತು. ನಾಲ್ಕು ವರ್ಷ ಅವರು ಬರುವಾಗ ಹೋಗುವಾಗ ಅದನ್ನು ಒಮ್ಮೆ ಮುಟ್ಟುತ್ತಿದ್ದರು. ಎಪ್ಪತ್ಮೂರರ ವಸಂತದಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ನಾನು ನಿಜವಾದ ಡಾಕ್ಟರೇ ಆಗಿದ್ದೆ. ಅವರು ಹೋದ ಮೇಲೆ ಆ ಹೆಸರಿನಿಂದ ಕರೆಸಿಕೊಳ್ಳುವುದರಲ್ಲಿ ಮೊದಲಿನ ಸುಖ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ದಿನ ಓಮಾ ಕಾಫಿ ಸುರಿಯುತ್ತಾ ಕೂತಿದ್ದರು. ನಾಲ್ಕು ವರ್ಷ ಬಾಯಿಗೆ ಬಾರದ ಮಾತು ಅಂದು ಬಂತು. "ನನ್ನ ಪೂಜೆಯಿಂದಾಗಿ ಅವರು ಅದನ್ನು ನೋಡದೆಯೇ ಹೋದರು" ಎಂದೆ. ಓಮಾ ಕೆಟಲ್ ಕೆಳಗಿಟ್ಟು ನನ್ನ ಕೈ ಹಿಡಿದರು.

"ನೋಡಿದರು" ಎಂದರು. "ಹಿತ್ತಲಿನಲ್ಲಿ ನೀನು ತೋರಿಸಿದೆಯಲ್ಲ. ಅಂದು ರಾತ್ರಿ ನನಗೆ ತಲೆಯಿಂದ ಬುಡದವರೆಗೆ ಎಲ್ಲ ವರ್ಣಿಸಿದರು. ಪಕ್ಕದಲ್ಲೇ ನಿಂತಿದ್ದ ನಾನು ಅಷ್ಟನ್ನು ನೋಡಿರಲಿಲ್ಲ."

ಆಕೆ ನನ್ನನ್ನು ಸಮಾಧಾನ ಮಾಡಲು ಹಾಗೆ ಹೇಳುವವರಲ್ಲ. ಆದರೂ ಅಕ್ಟೋಬರ್ ಕೊನೆಯ ಬೆಳಕಿನಲ್ಲಿ, ತಟ್ಟೆಯಷ್ಟು ದೃಷ್ಟಿ ಇನ್ನೂ ಉಳಿದಿದ್ದಾಗ, ಅವರು ತಮ್ಮ ಕಣ್ಣಿನಿಂದಲೇ ಅದನ್ನು ನೋಡಬಹುದಿತ್ತು. ಆ ಒಂದು ನೋಟವನ್ನು ನಾನು ಕೈ ಮುಗಿದೇ ಕಸಿದುಕೊಂಡೆ. ಓಮಾಳ ಮಾತನ್ನು ನಂಬಬೇಕೆಂದು ನನಗೆ ಬಹಳ ಆಸೆ. ಕೆಲವು ದಿನ ನಂಬುತ್ತೇನೆ.